ಸಿವಿಲ್ ವಾರದ ಉದ್ಘಾಟನೆ

ಪತ್ರಿಕಾ ಕಚೇರಿಯಲ್ಲಿ ಹನ್ನೆರಡು ವರ್ಷ ಸವೆಸಿದವನ ಬಾಯಿಂದ ಕಥೆ ಕೇಳಬಾರದು. ಇದನ್ನು ನಾನು ನನ್ನ ವೃತ್ತಿಬಾಂಧವರೆಲ್ಲರ ಪರವಾಗಿ ಒಪ್ಪಿಕೊಳ್ಳುತ್ತೇನೆ. ಮುಖ್ಯವಾದದ್ದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡು, ಉಳಿದದ್ದನ್ನು ಅದರದರ ತೂಕದಂತೆ ಕೆಳಗೆ ಜೋಡಿಸು, ಜಾಗ ಸಾಲದಿದ್ದರೆ ಬಾಲ ಕತ್ತರಿಸು. ಇದು ನಮಗೆ ಕಲಿಸಿದ ಪಾಠ. ಸುದ್ದಿಗೆ ಇದು ಸರಿ, ಸಂಸಾರಕ್ಕೆ ಸರಿಯಲ್ಲ. ಒಮ್ಮೆ ನನ್ನ ಹೆಂಡತಿ ಕಮಲಳ ಸೋದರತ್ತೆ ತುಮಕೂರಿನಲ್ಲಿ ಮೆಟ್ಟಿಲ ಮೇಲೆ ಜಾರಿ ಕಾಲು ಉಳುಕಿಸಿಕೊಂಡರು. ಕಚೇರಿಗೆ ಫೋನ್ ಬಂತು. ನಾನು ಮನೆಗೆ ಹೋದವನೇ, "ನಿಮ್ಮ ಸೋದರತ್ತೆ ಪ್ರಾಣಾಪಾಯದಿಂದ ಪಾರಾಗಿದ್ದಾರೆ" ಎಂದೆ. ಕಮಲ ಕೈಯಲ್ಲಿದ್ದ ಸೌಟಿನ ಸಮೇತ ಅಲ್ಲೇ ನೆಲಕ್ಕೆ ಕುಳಿತಳು. ಕಾಲು ಉಳುಕಿದ ವಿವರ ನನ್ನ ಮೂರನೆಯ ಪ್ಯಾರಾದಲ್ಲಿತ್ತು. ಅಲ್ಲಿಯವರೆಗೆ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಇಂಥ ನನಗೆ ಒಂದು ಭಾನುವಾರ ಬೆಳಿಗ್ಗೆ, ರಾಜಾಜಿನಗರದ ನಮ್ಮ ಬ್ಲಾಕಿನ ಸಂಘದ ಹಾಲ್‌ನಲ್ಲಿ, ಒಂದು ಇಡೀ ಕಾದಂಬರಿಯ ಕಥೆ ಹೇಳುವ ಪಾಡು ಬಂತು. ನನ್ನ ಕಥೆ ರುಚಿಸದಿದ್ದರೆ ನಮ್ಮ ಓದುಗರ ಬಳಗ ಬೀದಿಗೆ ಬೀಳುತ್ತಿತ್ತು.

ಬಳಗವೆಂದರೆ ನಾವು ಎಂಟು ಜನ. ಹದಿನೈದು ದಿನಕ್ಕೊಮ್ಮೆ ಸಂಘದ ಹಾಲ್‌ನಲ್ಲಿ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತಿದ್ದೆವು. ಹಾಲ್ ಎಂಬುದು ಶೀಟು ಹೊದಿಸಿದ ಉದ್ದನೆಯ ಕೋಣೆ. ಏಪ್ರಿಲ್‌ನಲ್ಲಿ ಅದರೊಳಗೆ ಕುಳಿತವರಿಗೆ ಎಂಥ ಕಾವ್ಯವೂ ಒಗ್ಗದು. ಆದರೂ ಅದರ ಮೇಲೆ ಮೂವರ ಕಣ್ಣಿತ್ತು. ಮೂವರೂ ಸಮಾಜ ಪರಿವರ್ತನೆಗೆ ಟೊಂಕ ಕಟ್ಟಿದವರು. ಹಾಲ್ ಯಾರಿಗೆಂದು ತೀರ್ಮಾನಿಸುವ ಸಮಿತಿಯೂ ಅವರೇ. ಮಹಿಳಾ ಸಮಾಜದ ಶಾರದಮ್ಮನವರು ಅಲ್ಲಿ ಹೊಲಿಗೆ ತರಗತಿ ನಡೆಸಬೇಕೆಂದಿದ್ದರು. ಕಾರ್ಖಾನೆಯ ಕಾರ್ಮಿಕ ಮುಖಂಡ ಪುಟ್ಟಸ್ವಾಮಿಯವರಿಗೆ ವಯಸ್ಕರ ಶಾಲೆ ಬೇಕಿತ್ತು. ದಾವಣಗೆರೆ ಕಡೆಯಿಂದ ಬಂದು ನೆಲೆಸಿದ್ದ ನಿವೃತ್ತ ಹೆಡ್‌ಮಾಸ್ತರು ಶಿವಬಸಪ್ಪನವರು ವರದಕ್ಷಿಣೆಯಿಲ್ಲದ ಸರಳ ವಿವಾಹಗಳಿಗೆ ಆ ಹಾಲ್ ಮೀಸಲಾಗಲಿ ಎನ್ನುತ್ತಿದ್ದರು. ಮೂವರೂ ಎರಡು ವರ್ಷದಿಂದ ಒಬ್ಬರಿಗೊಬ್ಬರು ಬಿಟ್ಟುಕೊಟ್ಟಿರಲಿಲ್ಲ. ಒಂದೇ ವಿಷಯದಲ್ಲಿ ಅವರಿಗೆ ಒಮ್ಮತವಿತ್ತು: ಮೊದಲು ಈ ಕಾದಂಬರಿ ಓದುವವರನ್ನು ಎಬ್ಬಿಸಬೇಕು. "ಕಾದಂಬರಿ ಓದಿ ಯಾವ ಸಮಾಜ ಬದಲಾಗಿದೆ ಸಾರ್?" ಎಂದು ಪುಟ್ಟಸ್ವಾಮಿ ನನ್ನನ್ನು ಬಸ್ ಸ್ಟಾಪಿನಲ್ಲೇ ಕೇಳಿದ್ದರು. ನಾನು, "ಮುಂದಿನ ಭಾನುವಾರ ಬನ್ನಿ, ಮೂವರೂ ಚರ್ಚೆಯಲ್ಲಿ ಭಾಗವಹಿಸಿ. ಆಮೇಲೆ ತೀರ್ಮಾನ ಮಾಡಿ" ಎಂದುಬಿಟ್ಟೆ.

ನಾನು ಆರಿಸಿದ್ದು ಯಾವುದೋ ಪರದೇಶದ ಅಂತರ್ಯುದ್ಧದ ಬಗೆಗಿನ ಇಂಗ್ಲಿಷ್ ಕಾದಂಬರಿ. ಅದರಲ್ಲಿ ಸಾವಿನ ಮೇಲೆ ಸಾವು. ಆದರೂ ಓದುತ್ತಾ ಓದುತ್ತಾ ಬಸ್ಸಿನಲ್ಲಿ ನಾನು ನಕ್ಕದ್ದಕ್ಕೆ ಪಕ್ಕದವರು ಸರಿದು ಕುಳಿತಿದ್ದರು. ಆಹ್ವಾನದ ಚೀಟಿಯಲ್ಲಿ 'ಅಂತರ್ಯುದ್ಧ' ಎಂದು ಹಾಕಿದರೆ ಜನ ಹೆದರಿಯಾರೆಂದು, ಎಲ್ಲರಿಗೂ ತಿಳಿಯಲಿ ಎಂದು, 'ಸಿವಿಲ್ ವಾರ್: ವಿಚಾರ ವಿನಿಮಯ, ಸರ್ವರಿಗೂ ಸ್ವಾಗತ' ಎಂದು ಬರೆದು ಕುರುಬರಹಳ್ಳಿಯ ಒಂದು ಸಣ್ಣ ಪ್ರೆಸ್ಸಿಗೆ ಕೊಟ್ಟೆ. ಕಂಪೋಸ್ ಮಾಡಿದವರು 'ರ್' ಬದಲು 'ರ' ಅಕ್ಷರದ ಅಚ್ಚುಮೊಳೆ ಜೋಡಿಸಿದರು. ಅಚ್ಚಾಗಿ ಬಂದದ್ದು 'ಸಿವಿಲ್ ವಾರ'. ಕರಡು ತಿದ್ದಿದವರು ಯಾರೆಂದು ಕೇಳಬೇಡಿ. ದಿನಕ್ಕೆ ಎಂಟು ಪುಟ ತಿದ್ದುವವನು ನಾನು. ಎರಡು ಸಾಲು ಅಂದರೆ ಒಂದು ಅಸಡ್ಡೆ.

ವನಮಹೋತ್ಸವಕ್ಕೊಂದು ವಾರ, ಸ್ವಚ್ಛತೆಗೊಂದು ವಾರ, ಕುಟುಂಬ ಯೋಜನೆಗೊಂದು ವಾರ ಎಂದು ಸರ್ಕಾರ ಎಲ್ಲದಕ್ಕೂ ಏಳೇಳು ದಿನ ಗೊತ್ತುಮಾಡುತ್ತಿದ್ದ ಕಾಲ ಅದು. ಸಿವಿಲ್ ವಾರ ಎಂದರೆ ನಲ್ಲಿ, ಮೋರಿ, ಬೀದಿದೀಪಗಳ ವಾರವೆಂದು ಬ್ಲಾಕಿಗೆ ಬ್ಲಾಕೇ ತಿಳಿದುಕೊಂಡಿತು. ಎಂದೂ ಎಂಟು ಜನರ ಮೇಲೆ ಕಾಣದ ಹಾಲ್‌ನಲ್ಲಿ ಅಂದು ನಿಲ್ಲಲು ಜಾಗವಿಲ್ಲ. ಅನೇಕರ ಕೈಯಲ್ಲಿ ಅರ್ಜಿಗಳಿದ್ದವು. ಶಿವಬಸಪ್ಪನವರು ಇಸ್ತ್ರಿ ಮಾಡಿದ ಧೋತರ ಉಟ್ಟು, ಉದ್ಘಾಟನಾ ಭಾಷಣವನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಪುಟ್ಟಸ್ವಾಮಿಯವರೂ ಒಂದು ಭಾಷಣ ತಂದಿದ್ದರು. ಶಾರದಮ್ಮನವರು ಬಂದವರೇ, "ನೋಡಿ, ವಾರ ಅಂತ ಹಾಕಿದೀರಿ. ಯಾವತ್ತಿಂದ ಯಾವತ್ತಿನ ತನಕ ಅಂತ ಹಾಕೇ ಇಲ್ವಲ್ಲ" ಎಂದರು.

ನಾನು ಎದ್ದು ನಿಂತು ವಿಷಯ ತಿಳಿಸಿದೆ. ಅದು ಅಚ್ಚಿನ ದೋಷವೆಂದೂ, ನಾವು ಮಾತಾಡಬೇಕಿರುವುದು ಯುದ್ಧದ ಕಾದಂಬರಿಯ ಬಗ್ಗೆ ಎಂದೂ ಹೇಳಿದೆ.

"ಹಂಗಾದ್ರೆ ಮೋರಿ ವಿಷ್ಯ ಇಲ್ವಾ?" ಎಂದರು ಪುಟ್ಟಸ್ವಾಮಿ.

"ಇಲ್ಲ. ಆದರೆ ಒಳ್ಳೆಯ ಪುಸ್ತಕ."

"ಒಳ್ಳೇದೇ ಇರಬಹುದು. ಮೋರಿ ಕಟ್ಕೊಂಡಿದೆಯಲ್ಲ ಸಾರ್."

ಜನ ಏಳುವ ಮುನ್ನ ಕಥೆ ಶುರುಮಾಡಬೇಕಿತ್ತು. ನಾನು ಅಭ್ಯಾಸಬಲದಿಂದ ಶುರುಮಾಡಿದೆ: "ಅಂತರ್ಯುದ್ಧದಲ್ಲಿ ಸಿಕ್ಕಿದ್ದ ಒಂದು ಪಟ್ಟಣದಲ್ಲಿ ಬ್ಯಾಂಡ್ ಮೇಷ್ಟ್ರು ಮೃತಪಟ್ಟಿದ್ದಾರೆ. ಎರಡೂ ಪಕ್ಷದವರು ಶೋಕ ವ್ಯಕ್ತಪಡಿಸಿದ್ದಾರೆ. ಮೃತರೇ ಕಾದಂಬರಿಯ ನಾಯಕರು."

ಶಿವಬಸಪ್ಪನವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಲ್ರೀ, ನಾಯಕ ಮೊದಲನೇ ಮಾತಿನ್ಯಾಗ ಸತ್ತ್ರ, ಉಳಿದವ್ರು ಏನ್ ಮಾಡ್ತಾರ? ನಾವರೆ ಏನ್ ಮಾಡೂಣು?"

"ಉಳಿದದ್ದು ಹಿನ್ನೆಲೆ" ಎಂದೆ. ಹಿಂದಿನ ಸಾಲಿನಲ್ಲಿ ಇಬ್ಬರು ಚಪ್ಪಲಿ ಹುಡುಕತೊಡಗಿದರು. ಬಳಗದ ನನ್ನ ಏಳು ಜನ ಗೆಳೆಯರು ನೆಲ ನೋಡುತ್ತಿದ್ದರು.

ಕೈಹಿಡಿದವರು ಶಾರದಮ್ಮ. "ನಿಮ್ಮಷ್ಟಕ್ಕೆ ಬಿಟ್ರೆ ಮುಗಿಸಿಬಿಡ್ತೀರಿ. ನಾನು ಕೇಳ್ತೀನಿ, ನೀವು ಅದಕ್ಕೆ ಮಾತ್ರ ಉತ್ತರ ಹೇಳಿ. ಆ ಊರಲ್ಲಿ ಯಾರು ಯಾರಿಗೆ ಜಗಳ?"

"ರಸ್ತೆಯ ಈಚೆಯವರಿಗೂ ಆಚೆಯವರಿಗೂ."

"ಬ್ಯಾಂಡಿನವರು ಯಾವ ಕಡೆ?"

"ಯಾವ ಕಡೆಯೂ ಅಲ್ಲ. ಊರಿಗೆ ಇರುವುದು ಅದೊಂದೇ ಬ್ಯಾಂಡು. ಹೆಣ ಎತ್ತಬೇಕಾದರೆ ಎರಡೂ ಕಡೆಯವರಿಗೆ ಅವರೇ ಬೇಕು. ಆದ್ದರಿಂದ ಅವರು ರಸ್ತೆ ದಾಟುವಾಗ ಮಾತ್ರ ಗುಂಡು ಹಾರಿಸುವುದಿಲ್ಲ."

"ದಾಟಿದ ಮೇಲೆ?"

"ಹಾರಿಸುತ್ತಾರೆ. ಇಲ್ಲದಿದ್ದರೆ ಬ್ಯಾಂಡಿಗೆ ಕೆಲಸ ಎಲ್ಲಿ?"

ಯಾರೋ ಕಿಸಕ್ಕೆಂದರು. ಚಪ್ಪಲಿ ಹುಡುಕುತ್ತಿದ್ದವರು ಕುಳಿತರು. ಶಾರದಮ್ಮ ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಈಚೆಯವರ ಕ್ಯಾಪ್ಟನ್ ಸತ್ತಾಗ ಬ್ಯಾಂಡಿನವರು ಶೋಕಗೀತೆಯನ್ನು ಎರಡು ಸುತ್ತು ನುಡಿಸುತ್ತಾರೆ. ಆಚೆಯವರ ಅಡಿಗೆಯವನು ಸತ್ತಾಗ ಮರೆತು ಮೂರು ಸುತ್ತು ನುಡಿಸುತ್ತಾರೆ. ನಮ್ಮ ಕ್ಯಾಪ್ಟನ್ ಅವರ ಅಡಿಗೆಯವನಿಗಿಂತ ಕಡಿಮೆಯೇ ಎಂದು ಈಚೆಯವರು ಕೆರಳಿ ಮತ್ತೆ ಕಾಳಗವಾಗಿ ಹನ್ನೊಂದು ಜನ ಸಾಯುತ್ತಾರೆ. ಆ ಹನ್ನೊಂದು ಜನಕ್ಕೆ ಊದಿ ಊದಿ ಮೇಷ್ಟ್ರ ತುಟಿ ಬಾತುಕೊಳ್ಳುತ್ತದೆ. ದೊಡ್ಡ ದೊಡ್ಡ ದೇಶಗಳ ರಾಯಭಾರಿಗಳಿಂದ ಆಗದ ಕದನವಿರಾಮ ಆ ತುಟಿಯ ಬಾವಿನಿಂದ ನಾಲ್ಕು ದಿನ ಆಗುತ್ತದೆ. ಇಷ್ಟು ಹೊತ್ತಿಗೆ ಹಾಲ್‌ನಲ್ಲಿ ನಗು ಗೋಡೆಯಿಂದ ಗೋಡೆಗೆ ಬಡಿಯುತ್ತಿತ್ತು. ಹನ್ನೆರಡು ವರ್ಷದಲ್ಲಿ ನನ್ನ ಮಾತಿಗೆ ಯಾರಾದರೂ ಬಾಲದವರೆಗೆ ಕಿವಿಗೊಟ್ಟದ್ದು ಅದೇ ಮೊದಲು.

ಶಿವಬಸಪ್ಪನವರು ಮಾತ್ರ ನಗಲಿಲ್ಲ. "ಹೆಣದ ಮುಂದ ನಗೂದು ಅಂದ್ರ ಏನ್ರೀ ಇದು? ಮಂದಿ ಸಾಯಾಕತ್ತಾರ. ಇದನ್ನ ಓದಿ ಸಮಾಜ ತಿದ್ದತೀರಿ?"

ಉತ್ತರ ಕೊಟ್ಟವರು ಶಾರದಮ್ಮ. "ಮಾಸ್ತರೇ, ನಾನು ಸಾವಿನ ಮನೆಗಳಿಗೆ ಹೋಗಿ ಕೂತವಳು. ಒಂದು ಕಡೆ ಅಪ್ಪನ ಹೆಣ ಅಂಗಳದಲ್ಲಿದೆ, ಮಡಕೆ ಹಿಡಿಯೋದು ಯಾರು ಅಂತ ಇಬ್ಬರು ಮಕ್ಕಳು ಕೈಕೈ ಮಿಲಾಯಿಸಿದ್ರು. ಮಡಕೆ ಒಡೆದು ಇನ್ನೊಂದು ತರೋಕೆ ಕುಂಬಾರರ ಮನೆಗೆ ಓಡಿದ್ರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ನಗು ಬಂದಿದ್ದು ಸತ್ತವರನ್ನ ನೋಡಿ ಅಲ್ಲ. ಬದುಕಿದ್ದವರನ್ನ ನೋಡಿ."

ನಾನು ಹಾಳೆಗಟ್ಟಲೆ ಬರೆದು ತಂದಿದ್ದ ಟಿಪ್ಪಣಿಯಲ್ಲಿ ಇದಕ್ಕೆ ಸಮನಾದ ಒಂದು ಸಾಲೂ ಇರಲಿಲ್ಲ. ಅದನ್ನು ಮಡಿಸಿ ಕುರ್ಚಿಯ ಕೆಳಗಿಟ್ಟೆ.

ಪುಟ್ಟಸ್ವಾಮಿ ಗಂಟಲು ಸರಿಮಾಡಿಕೊಂಡರು. "ನಮ್ಮ ಕಾರ್ಖಾನೇಲೂ ಹಿಂಗೇ ಆಯ್ತು ಕಣಮ್ಮ. ಯೂನಿಯನ್ ಎರಡಾಗಿ, ಗೇಟಿನ ಮುಂದೆ ಶಾಮಿಯಾನ ಯಾರದು ಮೊದಲು ಅಂತ ಒಂದು ತಿಂಗಳು ಬಡಿದಾಡಿದ್ವಿ. ಬೇಡಿಕೆ ಏನಿತ್ತು ಅಂತ ಕೊನೆಗೆ ಮ್ಯಾನೇಜರೇ ಜ್ಞಾಪಿಸಬೇಕಾಯ್ತು."

"ಅಲ್ಲಿ ತನಕ ಯಾಕೆ ಹೋಗ್ತೀರಿ?" ಎಂದರು ಶಾರದಮ್ಮ. "ಆ ಊರಲ್ಲಿ ಬ್ಯಾಂಡ್ ಒಂದು, ಎಳೆಯೋರು ಇಬ್ರು. ಇಲ್ಲಿ ಹಾಲ್ ಒಂದು, ಎಳೆಯೋರು ಮೂವರು. ನಾನೂ ಸೇರಿದೀನಿ."

ಎಲ್ಲರೂ ಶಿವಬಸಪ್ಪನವರ ಮುಖ ನೋಡಿದರು. ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಹೆಗಲು, ಕೊನೆಗೆ ದನಿ ಹೊರಗೆ ಬಂತು. ನಲವತ್ತು ವರ್ಷ ಮಕ್ಕಳನ್ನು ನಗದಂತೆ ನೋಡಿಕೊಂಡ ಮನುಷ್ಯ ಜೇಬಿನ ಉದ್ಘಾಟನಾ ಭಾಷಣದಿಂದ ಕಣ್ಣೊರೆಸಿಕೊಂಡರು.

ಇನ್ನು ಹಾಲ್ ವಿಷಯ ತೀರ್ಮಾನವಾಗಲಿ ಎಂದು ಜನರೇ ಕೇಳಿದರು. ನಗು ಮನಸ್ಸನ್ನು ಹಗುರ ಮಾಡಿತ್ತು, ಆದರೆ ಒಬ್ಬರಿಗೊಬ್ಬರು ಬಿಟ್ಟುಕೊಡುವಷ್ಟು ಹಗುರ ಮಾಡಿರಲಿಲ್ಲ. "ವಯಸ್ಕರ ಶಾಲೆಗೆ ಕೊಡದಿದ್ರೂ ಚಿಂತಿಲ್ಲ. ಮದುವೆ ಊಟದ ಎಂಜಲೆಲೆಗೂ ಬೇಡ, ಹೊಲಿಗೆ ಮಿಷನ್ನಿಗೂ ಬೇಡ" ಎಂದರು ಪುಟ್ಟಸ್ವಾಮಿ. "ನನಗ ಸಿಗದಿದ್ರ ನಿಮಗೂ ಬ್ಯಾಡ, ಅಲ್ಲಿಗೆ ಸರಿಹೋತು" ಎಂದರು ಶಿವಬಸಪ್ಪನವರು. ಶಾರದಮ್ಮ ಇಬ್ಬರನ್ನೂ ನೋಡಿ, "ಹಾಗಾದ್ರೆ ಬ್ಯಾಂಡಿನವರ ಹತ್ರಾನೇ ಇರಲಿ ಬಿಡಿ. ಅವರು ಯಾರ ಕಡೆಯೂ ಅಲ್ಲ" ಎಂದು ನಮ್ಮ ಬಳಗದತ್ತ ಕೈ ತೋರಿಸಿದರು. ಚಪ್ಪಾಳೆ ಬಿತ್ತು. ನನ್ನ ಏಳು ಗೆಳೆಯರು ತಲೆಯೆತ್ತಿದರು. ಹಾಲ್ ನಮಗೇ ಉಳಿಯಿತು, ಅವಧಿಯ ಮಿತಿಯಿಲ್ಲದೆ. ಅಂದಿನಿಂದ ಮೂವರೂ ಚರ್ಚೆಗೆ ತಪ್ಪದೆ ಬರುವುದಾಗಿಯೂ ಹೇಳಿದರು.

ನಿರ್ಣಯವನ್ನು ಬರೆಯುವ ಕೆಲಸ, ಪತ್ರಿಕೆಯವನೆಂದು, ನನಗೇ ಬಂತು. 'ಕಾದಂಬರಿಯ ಚರ್ಚೆಯಿಂದ ಪ್ರಭಾವಿತರಾಗಿ, ಸಮಿತಿಯ ಮೂವರೂ ಏಕಮನಸ್ಸಿನಿಂದ ಸಭಾಂಗಣವನ್ನು ಓದುಗರ ಬಳಗಕ್ಕೆ ಬಿಟ್ಟುಕೊಡಲು ತೀರ್ಮಾನಿಸಿದರು' ಎಂದು ದುಂಡಗೆ ಬರೆದೆ. ಶಾರದಮ್ಮ ಸಹಿ ಮಾಡುವ ಮುನ್ನ ಎರಡು ಸಲ ಓದಿದರು. "'ಪ್ರಭಾವಿತರಾಗಿ' ಅಂತ ಇದೆಯಲ್ಲ, ಇದು ನಡೆದದ್ದೋ, ನಿಮ್ಮ ಅಭಿಪ್ರಾಯವೋ?"

"ನಡೆದದ್ದು" ಎಂದೆ.

ಅವರು ಸಹಿ ಮಾಡಿದರು. ಉಳಿದಿಬ್ಬರೂ ಮಾಡಿದರು. ಗೆದ್ದ ಖುಷಿಯಲ್ಲಿ ಮನೆಯವರೆಗೆ ನನ್ನ ಕಾಲು ನೆಲ ಮುಟ್ಟಲಿಲ್ಲ. ಮಾರನೆಯ ದಿನ ಕಚೇರಿಯಲ್ಲಿ ಹೊಸ ವರದಿಗಾರರೊಬ್ಬರು ಯಾವುದೋ ಸಭೆಯ ಸುದ್ದಿ ತಂದರು. ಅದರಲ್ಲಿ, 'ಮಂತ್ರಿಗಳ ಭಾಷಣದಿಂದ ಜನ ಪ್ರಭಾವಿತರಾದರು' ಎಂದಿತ್ತು. ನೋಡಿದ್ದನ್ನಷ್ಟೇ ಬರೆಯಬೇಕು, ನಮ್ಮ ಆಸೆಯನ್ನು ಸುದ್ದಿಯಲ್ಲಿ ಸೇರಿಸಬಾರದು ಎಂದು ಅವರಿಗೆ ಅರ್ಧ ಗಂಟೆ ಬುದ್ಧಿ ಹೇಳಿ, ಕೆಂಪು ಶಾಯಿಯಲ್ಲಿ ಆ ಪದವನ್ನು ಹೊಡೆದುಹಾಕಿದೆ.