ಭಾವನವರ ‘ಆಮೇಲೆ’

ನಮ್ಮ ಭಾವನವರಿಗೆ ಸಾವಿಲ್ಲ ಎಂದು ನಾನು ಬರೆದುಕೊಡಬಲ್ಲೆ. ಯಮನೇ ಬಂದು ನಿಂತರೂ ‘ಸರಿ ಸಾರ್, ಡೀಟೇಲ್ಸ್ ಆಮೇಲೆ ಮಾತಾಡೋಣ’ ಎಂದು ಬಾಗಿಲಿನಿಂದಲೇ ಸಾಗಹಾಕುವ ಪೈಕಿ!

ಅವರ ಗೃಹಪ್ರವೇಶದ ಆಹ್ವಾನ ಪತ್ರಿಕೆಯಲ್ಲಿ ವಿಳಾಸ ಬರೀ ‘ಜೆ.ಪಿ. ನಗರ’ ಎಂದಿತ್ತು. ಒಂಬತ್ತು ಫೇಸುಗಳ ಆ ಬಡಾವಣೆಯಲ್ಲಿ ಎಷ್ಟನೇ ಫೇಸು? ಅದನ್ನು ಆಮೇಲೆ ವಾಟ್ಸಾಪ್ ಮಾಡುತ್ತಾರಂತೆ! ಮಾಡಿದರೇ? ನಮ್ಮ ಸೋದರಮಾವ ಸಂಸಾರ ಸಮೇತ ಎರಡನೇ ಫೇಸಿನಲ್ಲಿ ಯಾರದೋ ನಾಮಕರಣದ ಊಟ ಮುಗಿಸಿ, ಮಗುವಿನ ಕೈಗೆ ಉಡುಗೊರೆಯನ್ನೂ ಕೊಟ್ಟು ಬಂದರು.

ಇಂಥವರು ಸಾಫ್ಟ್‌ವೇರ್ ಕಂಪನಿ ತೆರೆದರು. ನನ್ನ ಹಣೆಬರಹ, ನಾನು ಅಲ್ಲೇ ಕೆಲಸಕ್ಕೆ ಸೇರಿದೆ. ‘ಅಜೈಲ್’ ಎಂಬ ಪದ ಕಿವಿಗೆ ಬಿದ್ದ ದಿನ ಭಾವನವರ ಸೋಮಾರಿತನಕ್ಕೆ ಶಾಸ್ತ್ರಾಧಾರವೇ ಸಿಕ್ಕಿತು. ಎಲ್ಲವನ್ನೂ ಮೊದಲೇ ಬರೆದಿಡಬೇಕಿಲ್ಲ, ಮಾಡುತ್ತಾ ಕಲಿಯಬೇಕು ಎನ್ನುತ್ತದೆ ಆ ಪದ್ಧತಿ. ಒಪ್ಪಿದೆ. ಕೇಳಬೇಕಾದ್ದನ್ನೂ ಕೇಳಬೇಡ ಎಂದು ಯಾವ ಪುಣ್ಯಾತ್ಮ ಹೇಳಿದ?

ಜಯನಗರದ ಒಂದು ಕ್ಲಿನಿಕ್ಕಿಗೆ ಆ್ಯಪ್ ಮಾಡಬೇಕಿತ್ತು. ಏನು ಮಾಡಬೇಕೆಂದು ಭಾವ ಆಫೀಸಿನ ಗೋಡೆಗೆ ಅಂಟಿಸಿದ ಹಳದಿ ಚೀಟಿಯಲ್ಲಿ ಒಂದೇ ಸಾಲು: ‘ರೋಗಿಗೆ ಮಾತ್ರೆ ನೆನಪಿಸಬೇಕು.’ ಮನೆಯಲ್ಲಿ ಇಬ್ಬರು ರೋಗಿಗಳಿದ್ದು, ಇರುವುದು ಒಂದೇ ಫೋನಾದರೆ ಏನು ಮಾಡುವುದೆಂದು ನಾನು ಕೇಳಿದೆ. ಒಂದಲ್ಲ, ಮೂರು ಸಲ ಕೇಳಿದೆ.

“ಮೊದ್ಲು ಹೊರಗೆ ಬಿಡೋಣಮ್ಮ. ಜನ ಯೂಸ್ ಮಾಡಿದ್ಮೇಲೆ ತಾನೇ ಗೊತ್ತಾಗುತ್ತೆ,” ಎಂದರು ಭಾವ.

ಗೊತ್ತಾಯಿತು. ಸುಬ್ರಹ್ಮಣ್ಯಪುರದ ವೃದ್ಧ ದಂಪತಿಗೆ ಇದ್ದದ್ದು ಒಂದೇ ನಂಬರು. ಗಂಡನ ಸಕ್ಕರೆ ಕಾಯಿಲೆಯ ಮಾತ್ರೆ, ಹೆಂಡತಿಯ ಮಂಡಿನೋವಿನ ಮಾತ್ರೆ ಎರಡೂ ಒಂದೇ ಪಟ್ಟಿಗೆ ಸೇರಿದ್ದವು. ಯಾರದು ಯಾವುದೆಂದು ಹೆಸರಿಲ್ಲ. ‘ಈಗ ನಿಮ್ಮ ಮಾತ್ರೆ ತೆಗೆದುಕೊಳ್ಳಿ’ ಎಂದು ಫೋನು ಹೇಳಿತು. ಕೈಯಲ್ಲಿ ಫೋನಿದ್ದ ಅಜ್ಜಿ, ಡಾಕ್ಟರೇ ಹೇಳಿದ್ದಾರೆಂದು ನಂಬಿ ಎರಡನ್ನೂ ನುಂಗಿದರು. ರಕ್ತದ ಸಕ್ಕರೆ ಇಳಿದು ಅಡುಗೆಮನೆಯಲ್ಲಿ ಬೆವತು ಕುಸಿದರು. ಪಕ್ಕದ ಮನೆಯಾಕೆ ಸಮಯಕ್ಕೆ ಸರಿಯಾಗಿ ಬಂದು ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಸೇರಿಸಿದ್ದರಿಂದ ಜೀವ ಉಳಿಯಿತು.

ಕ್ಲಿನಿಕ್ಕಿನಿಂದ ಫೋನು ಬಂದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕೆ ಇಷ್ಟು ಜನ ಇಂಜಿನಿಯರುಗಳು ಬೇಕೆ? ಭಾವನವರ ಮೇಲೆ ಬಂದಷ್ಟೇ ಸಿಟ್ಟು ನನ್ನ ಮೇಲೂ ಬಂತು. ಮೂರು ಸಲ ಕೇಳಿ ನಾಲ್ಕನೇ ಸಲ ಬಾಯಿ ಮುಚ್ಚಿಕೊಂಡು ಕೋಡ್ ಬರೆದವಳು ನಾನೇ ಅಲ್ಲವೇ?

“ಭಾವ, ಒಂದೇ ಒಂದು ಪ್ರಶ್ನೆ. ಕೇಳಿದ್ರೆ ಐದು ನಿಮಿಷ ಆಗ್ತಿತ್ತು,” ಎಂದೆ.

ಭಾವ ಆ್ಯಪನ್ನು ಅಂದೇ ನಿಲ್ಲಿಸಿದರು. ಅಜ್ಜಿ ಆಸ್ಪತ್ರೆಯಿಂದ ಮನೆಗೆ ಬಂದ ದಿನ ನನ್ನನ್ನೂ ಅಲ್ಲಿಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋದರು. ನೆಲದ ಮೇಲೆ ಕುಳಿತು, ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡುತ್ತೀರಿ, ಮಾತ್ರೆ ಎಲ್ಲಿಡುತ್ತೀರಿ, ಕನ್ನಡಕ ಯಾರ ಬಳಿ ಇರುತ್ತದೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಕೊನೆಗೆ ಅಜ್ಜಿಯೇ ಸುಸ್ತಾಗಿ, ಕಾಫಿ ಕುಡಿದು ಹೊರಡಿ ಎಂದರು.

ಇಷ್ಟಕ್ಕೆ ನನ್ನ ಸಿಟ್ಟು ಇಳಿಯಲಿಲ್ಲ. ದಾರಿಯುದ್ದಕ್ಕೂ ಬೈಯಬೇಕೆಂದೇ ಇದ್ದೆ. ಆದರೆ ಉತ್ತರಹಳ್ಳಿ ರಸ್ತೆಯಲ್ಲಿ ಅವರು ಇದ್ದಕ್ಕಿದ್ದಂತೆ ಸ್ಕೂಟರ್ ಬದಿಗೆ ನಿಲ್ಲಿಸಿ ನಮ್ಮಕ್ಕನಿಗೆ ಫೋನು ಮಾಡಿದರು.

“ಲೇ, ನೀನು ದಿನಾ ಬೆಳಿಗ್ಗೆ ಒಂದು ಮಾತ್ರೆ ತಗೋತೀಯಲ್ಲ, ಅದು ಯಾತಕ್ಕೆ?”

ಅಕ್ಕ ಏನೆಂದಳೋ ಕೇಳಿಸಲಿಲ್ಲ. ಅವರು ಸೀಟಿನ ಮೇಲೆ ಕಾಗದವಿಟ್ಟು ಬಗ್ಗಿ ಬರೆದುಕೊಳ್ಳುತ್ತಿದ್ದರು. ಎಷ್ಟು ವರ್ಷದಿಂದ ಎಂದು ಕೇಳಿದರು. ಉತ್ತರವನ್ನು ಬರೆದು ಅದರ ಕೆಳಗೆ ಗೆರೆ ಎಳೆದರು. ಆಮೇಲೆ ಮೆತ್ತಗೆ, ಮಾತ್ರೆಯ ಬಣ್ಣ ಯಾವುದು ಎಂದು ಕೇಳಿದರು.