ಬ್ರೇಕ್ ಎಳೆದವನು ನಾನೇ

ಮನುಷ್ಯನ ನೆನಪನ್ನು ನಂಬಬಾರದು ಎಂದು ಸಿಂಧನೂರಿನ ಕಾಲೇಜೊಂದರಲ್ಲಿ ಹತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಹೀಗಾಗಿ ನನ್ನ ನೆನಪಿನ ಮೇಲೆ ಮಾತ್ರ ನನಗೆ ಪೂರ್ತಿ ನಂಬಿಕೆ ಇತ್ತು. ಗಣಿತದ ಮೇಷ್ಟ್ರಿಗೆ ಎರಡರ ಮಗ್ಗಿ ತಪ್ಪುತ್ತದೆಯೇ?

ನನ್ನ ವಿಷಯ ಅರಿವಿನ ಮನೋವಿಜ್ಞಾನ. ಗಮನ, ಗ್ರಹಿಕೆ, ಸ್ಮೃತಿ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆಯುತ್ತೇನೆ. ಗಮನದ ಪಾಠ ನಡೆಯುವಾಗ ಕಿಟಕಿ ಪಕ್ಕದವರು ಹೊರಗೆ ನೋಡುತ್ತಿರುತ್ತಾರೆ. ಕಿಟಕಿ ಸಿಗದವರು ಅವರನ್ನು ನೋಡುತ್ತಿರುತ್ತಾರೆ. ಪಕ್ಕದ ಕೋಣೆಯಲ್ಲಿ ಅರ್ಥಶಾಸ್ತ್ರದ ಅಮರೇಶ ಅವರು ಬೇಡಿಕೆ ಮತ್ತು ಪೂರೈಕೆಯನ್ನು ಮಿರ್ಚಿ ಬಜ್ಜಿಯ ಬಂಡಿಯಿಂದ ವಿವರಿಸುತ್ತಾರೆ. ಅಲ್ಲಿ ನಗು, ಚಪ್ಪಾಳೆ, ಬಾಗಿಲವರೆಗೂ ಜನ. ನನ್ನ ವಿದ್ಯಾರ್ಥಿಗಳು ನಾಲ್ಕು ಮಂದಿ ಅಲ್ಲಿಗೇ ಹೋಗಿ ಕೂತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಇದನ್ನು ಹೊಟ್ಟೆಕಿಚ್ಚು ಎನ್ನಬೇಡಿ. ಶೈಕ್ಷಣಿಕ ಅವಲೋಕನ ಎನ್ನಿ.

ನಾವಿಬ್ಬರೂ ಲಿಂಗಸುಗೂರಿನಿಂದ ದಿನಾ ಕಾಲೇಜಿಗೆ ಓಡಾಡುವವರು. ಬಸ್ಸು ತಪ್ಪಿದ ದಿನ ಸಿಕ್ಕ ಟೆಂಪೋ ಹತ್ತುತ್ತೇವೆ. ಆ ಸೋಮವಾರವೂ ಹಾಗೇ ಆಯಿತು. ನಾನು ಚಾಲಕನ ಪಕ್ಕದ ಸೀಟು ಹಿಡಿದೆ. ಅಮರೇಶ ನನ್ನ ಹಿಂದೆ. ಅವರಿಗಿಂತ ಮುಂದೆ ಕೂರುವ ಅವಕಾಶ ನನಗೆ ಟೆಂಪೋದಲ್ಲಿ ಮಾತ್ರ ಸಿಗುತ್ತದೆ.

ಮಸ್ಕಿ ದಾಟಿ, ಬಳಗಾನೂರಿನ ಕಡೆಯ ಕಾಲುವೆ ಹತ್ತಿರ ರಸ್ತೆ ಇಳಿಜಾರಾಗಿದೆ. ಚಾಲಕ ಅಲ್ಲೇ ಗಾಡಿ ನಿಲ್ಲಿಸಿ, ಮುಂದಿನ ಗೊಬ್ಬರದ ಅಂಗಡಿಗೆ ಏನೋ ಪಾರ್ಸೆಲ್ ಕೊಡಲು ಇಳಿದುಹೋದ. ಸ್ವಲ್ಪ ಹೊತ್ತಿಗೆ ಅಂಗಡಿ ನಮ್ಮ ಹತ್ತಿರ ಬರತೊಡಗಿತು. ನಾವೇ ಅದರ ಹತ್ತಿರ ಹೋಗುತ್ತಿದ್ದೇವೆ ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಗಾಡಿ ಉರುಳುತ್ತಿತ್ತು! ಮುಂದೆ ರಸ್ತೆ ಎಡಕ್ಕೆ ತಿರುಗುತ್ತದೆ. ಟೆಂಪೋಗೆ ತಿರುಗುವ ವಿಚಾರವೇ ಇರಲಿಲ್ಲ. ನೆಟ್ಟಗೆ ತುಂಬು ಕಾಲುವೆ.

ಒಳಗೆ ಹನ್ನೆರಡು ಜನ ಚೀರುತ್ತಿದ್ದರು. ನಾನು ಬಲಕ್ಕೆ ಬಾಗಿ ಹ್ಯಾಂಡ್‌ಬ್ರೇಕ್ ಹಿಡಿದೆ. ತಣ್ಣನೆಯ ಉಕ್ಕು ಅಂಗೈಗೆ ತಾಗಿದ್ದು, ಎರಡೂ ಕೈಯಿಂದ ಜಗ್ಗಿದ್ದು, ಧಡ್ ಎಂದು ಗಾಡಿ ನಿಂತಿದ್ದು, ಒಂದೊಂದೂ ನೆನಪಿದೆ. ನೀರಿಗೂ ನಮಗೂ ಮೂರು ಮಾರು ಉಳಿದಿತ್ತು. ಇಂದಿಗೂ ಊಟದ ತಾಟು ಚೂರು ಜಾರಿದರೆ ನನ್ನ ಕೈಗಳು ಬಲಕ್ಕೆ ಹಾರುತ್ತವೆ. ಪಕ್ಕದಲ್ಲಿ ಕೂತವರ ತೋಳು ಕೆಂಪಾಗುತ್ತದೆ.

ಕೆಳಗಿಳಿದು ನೋಡಿದರೆ, ಜನ ಸುತ್ತಿಕೊಂಡಿದ್ದು ಅಮರೇಶರನ್ನು! ಅವರು ಹಿಂದಿನಿಂದ ಹಾರಿ ಬ್ರೇಕಿಗೆ ಕೈ ಹಾಕಿದ್ದನ್ನು ಎಲ್ಲರೂ ನೋಡಿದ್ದರಂತೆ. ಅವರ ಮಣಿಕಟ್ಟು ಬೇರೆ ಊದಿಕೊಂಡಿತ್ತು. ಆರ್.ಎಚ್. ಕ್ಯಾಂಪ್ ಎಂಬ ಊರಿನ ಒಬ್ಬ ರೈತರು ಆ ಕೈಯನ್ನು ಕಣ್ಣಿಗೊತ್ತಿಕೊಂಡರು. ನನಗೆ ಒಬ್ಬಾಕೆ ನನ್ನ ಚಪ್ಪಲಿ ಹುಡುಕಿಕೊಟ್ಟಳು.

ಮನೆಗೆ ಬರುವಷ್ಟರಲ್ಲಿ ನನ್ನ ಹೆಂಡತಿ ಗಿರಿಜಾ ಅಮರೇಶರ ಹೆಸರಲ್ಲಿ ಗುಡಿಯಲ್ಲಿ ಕಾಯಿ ಒಡೆಸಿ ಬಂದಿದ್ದಳು.

"ಬ್ರೇಕ್ ಎಳದಾಂವ ನಾನು," ಎಂದೆ.

"ಇರ್ಲಿ ಬಿಡ್ರಿ, ಭಾಳ ಅಂಜೀರಿ ನೀವು. ಮೊದ್ಲ ನೀರು ಕುಡೀರಿ."

ಅಮರೇಶರನ್ನೇ ಕೇಳಿದೆ. ಏನೋ ಹಿಡಿಯಲು ಹೋದೆ ಸರ್, ಆಮೇಲಿನದು ಒಂದೂ ನೆನಪಿಲ್ಲ ಎಂದರು. ಇದಕ್ಕೆ ಎಲ್ಲರೂ ಎಂಥಾ ವಿನಯ ಎಂದರು. ನೆನಪಿದೆ ಎಂದ ನನಗೆ ಎಂಥಾ ಜಂಬ ಎಂದರು. ಶನಿವಾರ ಅಮರೇಶರಿಗೆ ಶಾಲು ಹೊದಿಸಿ ಸನ್ಮಾನ ಎಂದು ಪ್ರಾಂಶುಪಾಲರು ನೋಟಿಸು ಹಾಕಿದರು. ಆ ದಿನ ಉಂಡ ಜೋಳದ ರೊಟ್ಟಿ ನನಗೆ ಇನ್ನೂ ಅರಗಿಲ್ಲ.

ವಿಜ್ಞಾನ ಇರುವುದು ಇಂಥ ಹೊತ್ತಿಗೇ. ಪ್ರಯಾಣಿಕರನ್ನು ವಿಚಾರಿಸಲು ಒಂದು ಪ್ರಶ್ನಾವಳಿ ಮಾಡಿದೆ. ಮೊದಲನೆಯ ಪ್ರಶ್ನೆ: ಮುಂದಿನ ಸೀಟಿನ ಕನ್ನಡಕದ ಮೇಷ್ಟ್ರು ಬ್ರೇಕ್ ಎಳೆದಾಗ ನಿಮಗೆ ಹೇಗನಿಸಿತು? ಜೆರಾಕ್ಸ್ ಮಾಡಿಸಲು ಕೊಟ್ಟರೆ, ಕೊನೆಯ ವರ್ಷದ ಶರಣಮ್ಮ ಅದನ್ನು ಓದಿ ಅಲ್ಲೇ ನಿಂತಳು.

"ಸರ್, ಪ್ರಶ್ನೆದಾಗ ಉತ್ತರ ಇಟ್ಟು ಕೇಳಿದ್ರ ಮಂದಿ ನೆನಪು ಕೆಡತೈತಿ ಅಂತ ನೀವ ಹೇಳೀರಲ್ರಿ?"

ನನ್ನ ಪಾಠವನ್ನು ಒಬ್ಬಳಾದರೂ ಕೇಳಿದ್ದಳು. ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಷ್ಟರಲ್ಲಿ ಹೊಳೆಯಿತು: ಗೊಬ್ಬರದ ಅಂಗಡಿಯ ಮುಂದೆ ಕ್ಯಾಮೆರಾ ಇದೆ! ಅಂಗಡಿಯವರಿಗೆ ಕೈಮುಗಿದು ದೃಶ್ಯವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡೆ. ಒಮ್ಮೆ ನೋಡಿಕೊಳ್ಳಿ ಸರ್ ಎಂದು ಅವರು ಎರಡು ಸಲ ಹೇಳಿದರು. ಬೇಡ ಎಂದೆ. ನಡೆದದ್ದು ನನಗೆ ಗೊತ್ತಿತ್ತಲ್ಲ! ಸನ್ಮಾನಕ್ಕೆ ಮುಂಚೆ 'ಸಾಕ್ಷಿ ಮತ್ತು ಸ್ಮೃತಿ' ಎಂಬ ಪ್ರಾತ್ಯಕ್ಷಿಕೆಗೆ ಹತ್ತು ನಿಮಿಷ ಬೇಕೆಂದು ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟು ಮಂಜೂರು ಮಾಡಿಸಿಕೊಂಡೆ.

ಶನಿವಾರ ಸಭಾಂಗಣ ತುಂಬಿತ್ತು. ನನ್ನ ಮಾತು ಕೇಳಲು ಅಷ್ಟು ಜನ ಸೇರಿದ್ದು ಅದೇ ಮೊದಲು. ಜನರು ತಾವು ಕಂಡದ್ದನ್ನಲ್ಲ, ತಮಗೆ ಬೇಕಾದದ್ದನ್ನು ನೆನಪಿಟ್ಟುಕೊಳ್ಳುತ್ತಾರೆ ಎಂದು ಗಂಭೀರವಾಗಿ ಸಾರಿದೆ. ಅಮರೇಶರ ಕಡೆ ಕರುಣೆಯಿಂದ ನೋಡಿದೆ. ಪರದೆಯ ಮೇಲೆ ಟೆಂಪೋ ಬಂತು.

ಗಾಜಿನ ಹಿಂದೆ ನಾವಿಬ್ಬರೂ ಸ್ಪಷ್ಟವಾಗಿ ಕಾಣುತ್ತಿದ್ದೆವು. ಅಮರೇಶರ ಕೈ ಬ್ರೇಕಿನತ್ತ ಚಾಚಿತು. ಇನ್ನೇನು ಮುಟ್ಟಬೇಕು. ಆಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ ಒಬ್ಬ ಕನ್ನಡಕದವನು ಆ ಕೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದು, ಎರಡೂ ಕೈಯಿಂದ, ಇದ್ದಬಿದ್ದ ಬಲವನ್ನೆಲ್ಲ ಹಾಕಿ, ಬ್ರೇಕಿನಿಂದ ದೂರಕ್ಕೆ ಜಗ್ಗಿದ!

ನನ್ನ ಅಂಗೈಗೆ ತಾಗಿದ ತಣ್ಣನೆಯ ಉಕ್ಕು ಅಮರೇಶರ ಕಡಗ.

ಹಾಗಾದರೆ ಗಾಡಿ ನಿಂತಿದ್ದು ಹೇಗೆ? ಪರದೆಯ ಮೂಲೆಯಿಂದ ಒಬ್ಬ ಮುದುಕಿ ಬಂದಳು. ರಸ್ತೆಯಂಚಿಗೆ ಭತ್ತದ ನೆಲ್ಲು ಒಣಹಾಕಿ ಸುತ್ತ ಕಲ್ಲಿಟ್ಟು ಕಾಯುತ್ತಿದ್ದವಳು. ಒಂದು ದೊಡ್ಡ ಕಲ್ಲನ್ನು ಉರುಳಿಸಿ ಗಾಲಿಗೆ ಕೊಟ್ಟಳು. ಇನ್ನೊಂದು ಕೊಟ್ಟಳು. ಗಾಡಿ ನಿಂತಿತು. ಅವಳು ಸೀರೆಗೆ ಕೈ ಒರೆಸಿಕೊಂಡು ನೆಲ್ಲಿನ ಹತ್ತಿರ ಹೋದಳು. ನನ್ನ ಕಣ್ಣು ಮುಚ್ಚಿತ್ತು, ಉಳಿದ ಸಾಕ್ಷಿಗಳ ಕಣ್ಣು ನೀರಿನ ಮೇಲಿತ್ತು. ಅವಳನ್ನು ಒಬ್ಬರೂ ನೋಡಿರಲಿಲ್ಲ.

ಸಭೆ ನಕ್ಕಿತು. ನನ್ನ ತರಗತಿಯಲ್ಲಿ ಅಂಥ ನಗು ಎಂದೂ ಎದ್ದಿರಲಿಲ್ಲ.

ಸನ್ಮಾನವಾದರೂ ರದ್ದಾಯಿತಲ್ಲ ಎಂದು ನಾನು ಒಳಗೊಳಗೇ ಸಮಾಧಾನಪಡುವಷ್ಟರಲ್ಲಿ ಅಮರೇಶ ಎದ್ದು ನಿಂತರು. ಈ ಶಾಲು ಆ ತಾಯಿಯದು, ನಡೀರಿ ಅಲ್ಲಿಗೇ ಹೋಗೋಣ ಎಂದರು. ಚಪ್ಪಾಳೆ ಐದು ನಿಮಿಷ ನಿಲ್ಲಲಿಲ್ಲ. ಏನೂ ಮಾಡದೆ ಇದ್ದುದಕ್ಕೆ ಅವರಿಗೆ ಮೊದಲಿಗಿಂತ ಹೆಚ್ಚು ಗೌರವ ಬಂತು! ಆ ಮಾತು ನನಗೆ ಮೊದಲು ಯಾಕೆ ಹೊಳೆಯಲಿಲ್ಲ?

ಎಲ್ಲರೂ ಕಾಲುವೆಗೆ ಹೋದೆವು. ಅಜ್ಜಿಯ ಹೆಸರು ಹುಲಿಗೆಮ್ಮ. ಹನ್ನೆರಡು ಜನರ ಜೀವ ಉಳಿಸುವಾಗ ಏನನಿಸಿತು ಎಂದು ಪ್ರಾಂಶುಪಾಲರು ಭಕ್ತಿಯಿಂದ ಕೇಳಿದರು.

"ಒಳಗ ಮಂದಿ ಅದಾರಂತ ಯಾರು ಕಂಡಿದ್ರೋ ಯಪ್ಪಾ," ಎಂದಳು ಅಜ್ಜಿ. "ಗಾಡಿ ನನ್ನ ನೆಲ್ಲಿನ ಮ್ಯಾಲೆ ಬರಾಕತ್ತಿತ್ತು. ಕಲ್ಲು ಕೊಟ್ಟೆ."

ಗಮನ ಎಂದರೇನು ಎಂದು ಹತ್ತು ವರ್ಷ ನಾನು ವಿವರಿಸಿದ್ದನ್ನು ಅವಳು ಎರಡು ಮಾತಿನಲ್ಲಿ ಮುಗಿಸಿದಳು. ವಿದ್ಯಾರ್ಥಿಗಳು ಅದನ್ನು ಬರೆದುಕೊಂಡರು. ಈಗ ನನಗೆ ಅವಳ ಮೇಲೂ ಹೊಟ್ಟೆಕಿಚ್ಚು.

ಮೊನ್ನೆ ಗಿರಿಜಾ ಮೊಬೈಲಿನಲ್ಲಿ ಆ ದಿನದ ಫೋಟೊ ನೋಡುತ್ತಿದ್ದಳು. ಅಮರೇಶರು ಅಜ್ಜಿಗೆ ಶಾಲು ಹೊದಿಸುತ್ತಿದ್ದಾರೆ.

"ಇದ್ರಾಗ ನೀವು ಎಲ್ಲಿ ಅದೀರಿ?" ಎಂದು ಕೇಳಿದಳು.

ಮೂಲೆಯಲ್ಲಿ ನನ್ನ ಅರ್ಧ ಮೊಣಕೈ ಇತ್ತು. ಅದು ಶರಣಮ್ಮನದೂ ಇರಬಹುದು. ಆದರೆ ಫೋಟೊ ತೆಗೆಯುವ ಸ್ವಲ್ಪ ಮುಂಚೆ ಶಾಲಿನ ಒಂದು ತುದಿ ನನ್ನ ಕೈಯಲ್ಲಿತ್ತು. ಉಣ್ಣೆ ಬೆರಳಿಗೆ ಮೆತ್ತಗೆ ತಾಗಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ.