ಸಾರೆಕ್ ಮೇಲೆ ನನ್ನ ಭಾರ

ತೂಕ ಎಷ್ಟು ಎಂದು ಕೇಳಿದರೆ ಥಟ್ಟನೆ ನಿಜ ಹೇಳುವ ಮನುಷ್ಯರನ್ನು ನಾನಿನ್ನೂ ಕಂಡಿಲ್ಲ. ನಾನಂತೂ ಮದುವೆಯಾದ ವರ್ಷದ ತೂಕವನ್ನೇ ಇವತ್ತಿಗೂ ಹೇಳಿಕೊಂಡು ಬರುತ್ತಿದ್ದೇನೆ. ನನ್ನ ಹೆಂಡತಿ ಸುಧಾ ಇದನ್ನು ಸುಳ್ಳು ಎನ್ನುತ್ತಾಳೆ, ನಾನು ಹಳೆಯ ನಿಜ ಎನ್ನುತ್ತೇನೆ. ಸ್ವೀಡನ್ನಿನ ಎಸ್ಕಿಲ್‌ಸ್ಟುನಾ ಊರಿನಲ್ಲಿ ಮಣ್ಣೆತ್ತುವ ಯಂತ್ರಗಳು ಎಷ್ಟು ಭಾರ ತಾಳುತ್ತವೆ ಎಂದು ಲೆಕ್ಕ ಹಾಕುವುದೇ ನನ್ನ ಕೆಲಸ. ಅಲ್ಲಿ ಒಂದು ಕಿಲೋ ಆಚೀಚೆಯಾದರೂ ಕೂಗಾಡುವ ನಾನು ಸ್ವಂತ ಭಾರದ ವಿಷಯದಲ್ಲಿ ಮಾತ್ರ ಬಹಳ ಧಾರಾಳಿ.

ಈ ಧಾರಾಳತನ ಈ ಬೇಸಿಗೆಯಲ್ಲಿ ನನ್ನನ್ನು ಪೇಚಿಗೆ ಸಿಕ್ಕಿಸಿತು. ಸ್ವೀಡನ್ನಿನ ಉತ್ತರದಲ್ಲಿ ಸಾರೆಕ್ ಎಂಬ ರಾಷ್ಟ್ರೀಯ ಉದ್ಯಾನವಿದೆ. ಅದರೊಳಗೆ ರಸ್ತೆಯಿಲ್ಲ, ಹೋಟೆಲಿಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ಗಟ್ಟಿಗರು ಬೆನ್ನಿಗೆ ಚೀಲ ಕಟ್ಟಿಕೊಂಡು ನಡೆದೇ ಹೋಗುತ್ತಾರೆ. ನನಗೋ ನಮ್ಮ ಮನೆಯ ಮೆಟ್ಟಿಲು ಹತ್ತಿದರೇ ಏದುಸಿರು. ಹಾಗಾಗಿ ಪುಟ್ಟ ವಿಮಾನದಲ್ಲಿ ಕೂತು ಮೇಲಿನಿಂದ ನೋಡಬೇಕೆಂದು ಈ ದೇಶಕ್ಕೆ ಬಂದಾಗಿನಿಂದ ಆಸೆ. ಹಿಂದೊಮ್ಮೆ ಅಷ್ಟು ದೂರ ಹೋಗಿ, ಮೋಡ ಕವಿದು, ಸಪ್ಪೆ ಮುಖ ಹೊತ್ತು ವಾಪಸು ಬಂದಿದ್ದೆವು. ಈ ಸಲ ಆಕಾಶ ತೊಳೆದಿಟ್ಟ ಹಾಗಿತ್ತು. ಸರೋವರದಲ್ಲಿ ತೇಲುತ್ತಿದ್ದ ವಿಮಾನದ ಪಕ್ಕ ನಿಂತಿದ್ದ ಪೈಲಟ್ ಇಂಗ್ರಿಡ್ ನಮ್ಮನ್ನು ನೋಡಿ ನಕ್ಕಳು. ಆಮೇಲೆ ದಡದ ಹಲಗೆಯ ಮೇಲೆ ಒಂದು ತೂಕದ ಯಂತ್ರ ತಂದಿಟ್ಟಳು.

ಸುಧಾ, ಮಗಳು ಅನಿಕಾ ಹತ್ತಿ ಇಳಿದರು. ನಾನು ಉಸಿರು ಬಿಗಿಹಿಡಿದು ಹತ್ತಿದೆ. ಇಂಗ್ರಿಡ್ ನಾನು ಬುಕಿಂಗಿನಲ್ಲಿ ತಿಳಿಸಿದ್ದ ಅಂಕಿ ನೋಡಿದಳು, ಯಂತ್ರ ನೋಡಿದಳು, ನನ್ನನ್ನು ನೋಡಿದಳು. ಕೊನೆಗೆ ಮೆತ್ತಗೆ, "ಭಾರ ಹೆಚ್ಚಾಯಿತು, ಆ ಬ್ಯಾಗ್ ಇಲ್ಲೇ ಬಿಡಬೇಕಾಗುತ್ತದೆ" ಎಂದಳು. ಬ್ಯಾಗಿನಲ್ಲಿ ಪುಳಿಯೋಗರೆ, ಚಪಾತಿ, ಪಲ್ಯ, ಕೋಡುಬಳೆ, ಎಲ್ಲವೂ ಸ್ಟೀಲ್ ಡಬ್ಬಿಗಳಲ್ಲಿ. ಒಂದು ಗಂಟೆಯ ಹಾರಾಟಕ್ಕೆ ಕಾಶಿಯಾತ್ರೆಗೆ ಸಾಲುವಷ್ಟು ಬುತ್ತಿ. "ಅಲ್ಲೆಲ್ಲೋ ಇಂಜಿನ್ ಕೆಟ್ಟು ಇಳಿಸಿಬಿಟ್ರೆ ಮಗು ಏನ್ ತಿನ್ನುತ್ತೆ, ಕಲ್ಲಾ? ನಿಮ್ ಹೊಟ್ಟೆ ಹೊತ್ಕೊಂಡ್ ಹೋಗಕ್ಕೆ ನನ್ ಬ್ಯಾಗ್ ಯಾಕ್ರೀ ಬಿಡ್ಬೇಕು? ನಾನಿಲ್ಲೇ ಇರ್ತೀನಿ, ಬ್ಯಾಗ್ ತಗೊಂಡು ನೀವಿಬ್ರೇ ಹೋಗ್ಬನ್ನಿ" ಎಂದು ಸುಧಾ ಬೆಂಚಿನ ಮೇಲೆ ಕೂತುಬಿಟ್ಟಳು. ನನಗೆ ನಿಜಕ್ಕೂ ಸಂಕಟವಾಯಿತು. "ಅಲ್ನೋಡೇ" ಎನ್ನಲು ಅವಳೇ ಜೊತೆಯಲ್ಲಿ ಇಲ್ಲದ ಮೇಲೆ ಎಂಥ ಬೆಟ್ಟ ನೋಡಿ ಏನು ಸುಖ?

ಆಗ ನನ್ನೊಳಗಿನ ಇಂಜಿನಿಯರ್ ಎದ್ದ. "ಭಾರ ಇರೋದು ಊಟದ್ದು ತಾನೇ? ಇಲ್ಲೇ ತಿಂದ್ಬಿಡೋಣ ಕಣೇ, ಬ್ಯಾಗ್ ಹಗುರ ಆಗುತ್ತೆ!" ಎಂದೆ. ಇಂಗ್ರಿಡ್‌ಗೆ "ಫೀಕಾ" ಎಂದೆ. ಕಾಫಿ ತಿಂಡಿಗೆ ಕೂರಲು ಕರೆಯುವ ಆ ಮಾತಿಗೆ ಈ ದೇಶದಲ್ಲಿ ಒಲ್ಲೆ ಎನ್ನುವವರಿಲ್ಲ. ಪೈಲಟ್ ಸಮೇತ ಎಲ್ಲರೂ ಹೊಟ್ಟೆ ಬಿರಿಯ ತಿಂದೆವು. ನಾನು ಖಾಲಿ ಡಬ್ಬಿ ಎತ್ತಿ ಗೆದ್ದವನಂತೆ ತೋರಿಸಿದಾಗ ಅನಿಕಾ ನನ್ನ ಹೊಟ್ಟೆಯತ್ತ ಬೆರಳು ಮಾಡಿ, "ಬಟ್ ಅಪ್ಪಾ, ಇಟ್ಸ್ ಸ್ಟಿಲ್ ಕಮಿಂಗ್ ವಿತ್ ಅಸ್" ಎಂದಳು. ಇಂಗ್ರಿಡ್ ಕೋಡುಬಳೆ ಕಡಿಯುತ್ತಾ ಗಂಭೀರವಾಗಿ ತಲೆಯಾಡಿಸಿದಳು. ನನ್ನ ಓದು, ಸರ್ವೀಸು ಎರಡೂ ಆ ಸರೋವರದಲ್ಲಿ ಮುಳುಗಿದವು. ಸುಧಾ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಬಿಡಿ, ಮಗು ಹೊಟ್ಟೆ ತುಂಬ್ತಲ್ಲ" ಎಂದು ಎದ್ದಳು. ಡಬ್ಬಿಗಳು, ನೀರಿನ ಬಾಟಲಿಗಳು, ಕೊನೆಗೆ ನನ್ನ ಪ್ರೀತಿಯ ಕ್ಯಾಮೆರಾ ಚೀಲ ಎಲ್ಲ ಬೆಂಚಿನ ಮೇಲೆ ಉಳಿದ ಮೇಲೆ ಯಂತ್ರ ಒಪ್ಪಿತು. ಸಮತೋಲಕ್ಕಾಗಿ ಎಲ್ಲರಿಗಿಂತ ಭಾರದವರು ಮುಂದೆ ಪೈಲಟ್ ಪಕ್ಕ ಕೂರಬೇಕಂತೆ. ಇಂಗ್ರಿಡ್ ಯಾರನ್ನೂ ಕೇಳದೆ ನನಗೇ ಬಾಗಿಲು ತೆರೆದಳು.

ಏನು ಹೇಳಲಿ! ಬೆಟ್ಟದ ಹಿಂದೆ ಬೆಟ್ಟ, ಅದರ ಮೈಮೇಲೆ ನೀಲಿ ಬಿರುಕು ಬಿಟ್ಟ ಹಿಮ. ಕೆಳಗೆ ರಾಪಾ ನದಿ ರಂಗೋಲಿಯ ಎಳೆಗಳ ಹಾಗೆ ಕವಲೊಡೆದು, ಮತ್ತೆ ಕೂಡಿಕೊಂಡು ಹರಿಯುತ್ತಿತ್ತು. ಮಂಜಿನ ತುಂಡೊಂದರ ಮೇಲೆ ಹಿಮಸಾರಂಗಗಳು ತಣ್ಣಗೆ ಮಲಗಿದ್ದವು. ಎಷ್ಟು ದೂರ ಕಣ್ಣು ಹಾಯಿಸಿದರೂ ಒಂದು ತಂತಿ ಕಂಬವಿಲ್ಲ. ಇಷ್ಟನ್ನೂ ಮುಟ್ಟದೆ ಬಿಟ್ಟಿದ್ದಾರಲ್ಲ ಎಂದು ಈ ಜನರ ಮೇಲೆ ಗೌರವ ಉಕ್ಕಿತು. ಹಿಂದಿನಿಂದ ಸುಧಾ ನನ್ನ ಭುಜ ಹಿಡಿದು, "ಅಲ್ನೋಡ್ರೀ, ಅಲ್ನೋಡ್ರೀ" ಎನ್ನುತ್ತಲೇ ಇದ್ದಳು. ನನಗೆ ಹೇಳಲು ಅವಕಾಶವೇ ಸಿಗಲಿಲ್ಲ.

ಎಸ್ಕಿಲ್‌ಸ್ಟುನಾಗೆ ವಾಪಸು ಬಂದಾಗಿನಿಂದ ಮನೆಯಲ್ಲಿ ಅನ್ನಕ್ಕೆ ಕತ್ತರಿ ಬಿದ್ದಿದೆ, ಬೆಳಗಾದರೆ ವಾಕಿಂಗ್. ನಾನು ಮುಂದಿನ ಬೇಸಿಗೆಗೂ ಬುಕ್ ಮಾಡಿದ್ದೇನೆ. ತೂಕ ಕೇಳಿದ ಕಡೆ ಈ ಸಲ ಇರುವುದಕ್ಕಿಂತ ನಾಲ್ಕು ಕಿಲೋ ಜಾಸ್ತಿಯೇ ಹಾಕಿದ್ದೇನೆ. ಆ ಮುಂದಿನ ಸೀಟು ಬೇರೆ ಯಾರಿಗಾದರೂ ಹೋಗಿಬಿಟ್ಟರೆ?